ಬೋಳು ಬೆನ್ನಿನ ತಟ್ಟೆ

ಇಂಗ್ಲೆಂಡಿನ ಪಿಂಗಾಣಿ ಊರು ನಮ್ಮ ಬರ್ಸ್ಲೆಮ್‌ನಲ್ಲಿ ಯಾರ ಮನೆಗೆ ಹೋದರೂ ತಟ್ಟೆ ಮಗುಚಿ, ಯಾವ ಕಾರ್ಖಾನೆಯದು ಎಂದು ಬೆನ್ನಿನ ಮುದ್ರೆ ನೋಡಿಯೇ ಊಟಕ್ಕೆ ಕೂರುವುದು. ಮದುವೆಯಲ್ಲೂ ಅಷ್ಟೇ, ಸಾವಿನ ಮನೆಯಲ್ಲೂ ಅಷ್ಟೇ.

ಲೆನರ್ಡ್ ಬ್ಯಾಗ್ನಲ್‌ಗೆ, ನಮ್ಮ ಹೆಂಗಸರ ಲೆನ್ನಿಗೆ, ಇದನ್ನು ಕಲಿಸಿದ್ದು ಅವನ ತಾಯಿ. ಪಿಂಗಾಣಿ ಕಾರ್ಖಾನೆಯ ಚಿತ್ರದ ಕೋಣೆಯಲ್ಲಿ ಆಕೆ ನನ್ನ ಅಜ್ಜಿ ಮೇವಿಸ್‌ಳ ಪಕ್ಕ ಕೂತು ತಟ್ಟೆಗಳಿಗೆ ಹೂ ಬರೆಯುತ್ತಿದ್ದಳು. ಮಗ ಲೆಕ್ಕ ಓದಿ ಲಂಡನ್ನಿಗೆ ಹೋದ. ಹಣಕಾಸು ನಿರ್ದೇಶಕನಾಗಿ ನಮ್ಮ ಕಾರ್ಖಾನೆಗೇ ವಾಪಸು ಬಂದ. ಬಂದ ವರ್ಷವೇ ಅಚ್ಚಿನ ವಿಭಾಗ ಮುಚ್ಚಿಸಿದ. ಆಮೇಲೆ ಕಂಪನಿಯ ಅಧ್ಯಕ್ಷನಾದ. ಅವತ್ತು ತಾಯಿಯ ಬೆಂಚಿನ ಮೇಲೆ ಕೈಯಿಟ್ಟು, "ನಾನಿರೋವರೆಗೂ ಈ ಕೋಣೇಲಿ ಕುಂಚ ಒಣಗಲ್ಲ" ಅಂದ. ಹೆಂಗಸರು ನಂಬಿದರು. ನಮ್ಮವನಲ್ಲವೇ!

ಜೂನ್‌ನಲ್ಲಿ ಕಾರ್ಖಾನೆಯ ವಾರ್ಷಿಕ ಚಹಾಕೂಟ. ಹೊಸ ತಟ್ಟೆಗಳು, ನಮ್ಮದೇ ನೀಲಿ ಹೂ. "ಇದೆಲ್ಲ ನಿಮ್ಮ ಕೈಯ ಕೆಲಸ" ಎಂದು ಬ್ಯಾಗ್ನಲ್ ಭಾಷಣ ಶುರು ಮಾಡಿದ. ಅಜ್ಜಿ ಕೇಕನ್ನು ಪಕ್ಕಕ್ಕಿಟ್ಟು ತಟ್ಟೆ ಮಗುಚಿದಳು. ಮುದ್ರೆಯೇ ಇರಲಿಲ್ಲ.

"ಏ ಡೋರೀನ್, ನಿಂದು ನೋಡೇ," ಎಂದಳು ಪಕ್ಕದಲ್ಲಿದ್ದ ಚಿತ್ರದ ಕೋಣೆಯ ಗೆಳತಿಗೆ.

"ನಂದೂ ಬೋಳೇ ಕಣೇ. ಥೇಟ್ ಲೆನ್ನಿ ತಲೆ!"

ಯಾರೂ ನಗಲಿಲ್ಲ. ಒಂದೊಂದೇ ಮೇಜಿನಲ್ಲಿ ತಟ್ಟೆಗಳು ಮಗುಚಿಕೊಂಡವು. ಭಾಷಣ ನಿಂತಿತು.

"ಲೆನ್ನಿ ಕಂದಾ," ಅಜ್ಜಿ ಎದ್ದಳು, "ಇದನ್ನ ಬರೆದೋರು ಯಾರು? ನಾವಂತೂ ಅಲ್ಲ."

"ಹೊರದೇಶದ್ದು, ಮೇವಿಸ್ ಆಂಟಿ. ಬರೀ ಮಾದರಿ. ಕಾರ್ಖಾನೆ ಬೇಸಿಗೆ ರಜಾ ಮುಗೀಲಿ, ಹೇಳೋಣ ಅಂತಿದ್ದೆ."

"ಅಂದ್ರೆ ಗೇಟಿನ ಬೀಗ ನೋಡಿ ನಾವೇ ತಿಳ್ಕೋಬೇಕಿತ್ತಾ?"

"ಈ ಲೆಕ್ಕ ಎಲ್ಲ ನಿಮಗೆ ಅರ್ಥ ಆಗಲ್ಲ."

"ಮಗುಚಿ ನೋಡೋದು ಅರ್ಥ ಆಗುತ್ತಪ್ಪ. ನಿಮ್ಮಮ್ಮ ನಿನಗೂ ಕಲಿಸಿದ್ಲು. ಇದನ್ನ ನಮ್ಮ ಮುಂದಿಡೋವಾಗ ಮರ್ತೇಹೋಯ್ತಾ? ಇಲ್ಲಾ, ನೀನಿದ್ದೀಯ ಅಂತ ನಾವು ಮಗುಚಲ್ಲ ಅಂದ್ಕೊಂಡ್ಯಾ?"

ಹೆಂಗಸರು ತಟ್ಟೆಗಳನ್ನು ಕವುಚಿಟ್ಟು ಹೊರಟರು. ರಜೆ ಮುಗಿದ ಮೇಲೆ ಚಿತ್ರದ ಕೋಣೆ ತೆರೆಯಲೇ ಇಲ್ಲ. ಕಂಪನಿಯನ್ನು ಉಳಿಸಿದ ಊರ ಮಗ ಎಂದು ಪತ್ರಿಕೆಯೊಂದು ಅವನನ್ನು ಹೊಗಳಿತು. ಉಳಿದದ್ದು ಏನು? ಹೆಸರು. ಅದನ್ನು ಈಗ ಆ ಹೊರದೇಶದ ತಟ್ಟೆಗಳ ಬೋಳು ಬೆನ್ನಿಗೆ ಒತ್ತಿ ಮಾರುತ್ತಾರೆ.

ಚಳಿಗಾಲದಲ್ಲಿ ಡೋರೀನಳ ಗಂಡ ತೀರಿಕೊಂಡ. ಬ್ಯಾಗ್ನಲ್ ಕೂಡ ಕಪ್ಪು ಕೋಟು ಹಾಕಿಕೊಂಡು ಬಂದ. ಊಟಕ್ಕೆ ಡೋರೀನ್ ಹಳೇ ತಟ್ಟೆಗಳನ್ನು ಇಟ್ಟಿದ್ದಳು; ಕೂರುವ ಮುಂಚೆ ಅವನ ಕೈ ತಾನಾಗಿಯೇ ತಟ್ಟೆಯನ್ನು ಮಗುಚಿತು.

"ನೋಡು ಲೆನ್ನಿ, ಚೆನ್ನಾಗಿ ನೋಡು," ಅಂದಳು ಡೋರೀನ್. "ಮುದ್ರೆ ಪಕ್ಕ ಪುಟ್ಟ ಎಲೆ ಇದ್ಯಲ್ಲ, ಅದು ತಾನು ಬರೆದ ತಟ್ಟೆಗೆಲ್ಲ ನಿಮ್ಮಮ್ಮ ಹಾಕ್ತಿದ್ದ ಗುರುತು."

ಅವನು ನೋಡಿದ. ತಟ್ಟೆಯನ್ನು ನೆಟ್ಟಗೆ ಇಟ್ಟುಕೊಂಡ. ಎರಡು ಸಲ ಹಂದಿಮಾಂಸ ಬಡಿಸಿಕೊಂಡು, ಪೂರ್ತಿ ತಿಂದೇ ಎದ್ದ.