ನೀರು ಕುಡಿದ ಗಾಲಿಗಳು

ಕಾರು ಇಟ್ಟುಕೊಂಡವರು ಮೈಲೇಜಿನ ಬಗ್ಗೆ ಮಾತಾಡುತ್ತಾರೆ, ಬಣ್ಣದ ಬಗ್ಗೆ ಮಾತಾಡುತ್ತಾರೆ. ಗಾಲಿಯ ತೂಕದ ಬಗ್ಗೆ ಮಾತಾಡುವವನು ನಾನೊಬ್ಬನೇ ಎಂದು ಗೆಳೆಯರ ದೂರು. ಮದುವೆ ಊಟದಲ್ಲಿ ನನ್ನ ಪಕ್ಕ ಕೂತವರು ಎರಡನೇ ಸಲ ಸಾರು ಬರುವುದರೊಳಗೆ ಈ ವಿಷಯಕ್ಕೆ ಸಿಕ್ಕಿಬೀಳುತ್ತಾರೆ. ಸಿಂಧನೂರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವನ ಚಟ ಎಂದು ಪಾಪ, ಕ್ಷಮಿಸುತ್ತಾರೆ. ಆದರೆ ಈ ಚಟ ನನಗೆ ಶಾಸ್ತ್ರದಿಂದ ಬಂದದ್ದಲ್ಲ, ನಮ್ಮವ್ವನಿಂದ ಬಂದದ್ದು.

ತೊಂಬತ್ತರ ದಶಕದ ಶುರುವಿನಲ್ಲಿ ನಾನೊಂದು ಪುಟ್ಟ ಕಾರು ಕೊಂಡೆ. ಯಾರೋ ಓಡಿಸಿ ಬಿಟ್ಟದ್ದು, ಬಿಳಿ ಬಣ್ಣದ್ದು. ನಮ್ಮ ಓಣಿಗೆ ಅದೇ ಮೊದಲ ಕಾರು. ಒಳಗೆ ಸ್ಟಿಯರಿಂಗಿನ ಮುಂದೆ ಅಂಗೈಯಲ್ಲಿ ಅಡಗುವಷ್ಟು ಸಣ್ಣ ಬುದ್ಧನನ್ನು ಅಂಟಿಸಿ, ಅವ್ವನನ್ನು ಕರೆದು ತೋರಿಸಿದೆ. ಅವಳು ಕಾರಿನ ಸುತ್ತ ಒಂದು ಸುತ್ತು ಹಾಕಿದಳು, ಬಾಗಿಲು ತೆಗೆದು ಮುಚ್ಚಿ ನೋಡಿದಳು, ಆಮೇಲೆ ಅಪ್ಪಣೆ ಕೊಡಿಸಿದಳು.

"ಇದ್ರಾಗ ನಮ್ಮೂರಿಗೆ ಹೋಗಬೇಕು. ದಾರ್‍ಯಾಗ ಎಲ್ಲೂ ಇಳಿಯಂಗಿಲ್ಲ ನೋಡು. ಆ ಓಣ್ಯಾಗ ಕುಂತು ಹೋಗಾಕಿ ನಾ."

ಅವಳ ಊರು ಲಿಂಗಸುಗೂರು ದಾಟಿ ಒಳಗೆ. ಹೆಸರು ಬೇಡ, ಆ ಊರೂ ಬದಲಾಗಿದೆ, ನಾನೂ ಜಗಳಗಂಟನಲ್ಲ. ಅವಳು ಹುಡುಗಿಯಾಗಿದ್ದಾಗ ನಮ್ಮ ಕೇರಿಯವರು ಆ ಊರಿನ ದೊಡ್ಡ ಓಣಿಗೆ ಕಾಲಿಡುವಾಗ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು ನಡೆಯಬೇಕಿತ್ತು. ಮದುವೆಯಾದ ಮೇಲೆ ಕಾಲುವೆ ನೀರಿನ ಕಡೆ, ಗೊರೇಬಾಳದ ಗದ್ದೆಗಳಿಗೆ ನಾಟಿ ಹಚ್ಚಲು ಬಂದವಳು ತಿರುಗಿ ಆ ಓಣಿಗೆ ಹೋಗಿರಲಿಲ್ಲ. ಬಗ್ಗಿ ಬಗ್ಗಿ ಸಸಿ ಹಚ್ಚಿಯೇ ನನ್ನನ್ನು ಎಂ.ಎಸ್ಸಿ. ಓದಿಸಿದಳು. ಅಂಥವಳು ಕುಳಿತೇ ಹೋಗುತ್ತೇನೆ ಎಂದರೆ ಕೂರಿಸಿಯೇ ಕರೆದೊಯ್ಯಬೇಕು, ಅದರಲ್ಲಿ ಚರ್ಚೆಯಿಲ್ಲ.

ಇಲ್ಲಿ ದ್ಯಾವಪ್ಪ ಮಾವನ ಪ್ರವೇಶ. ಅವ್ವನ ತಮ್ಮ, ಅವಳ ಹಿಂದೆಯೇ ಬಂದು ಗೊರೇಬಾಳದಲ್ಲಿ ಟ್ರ್ಯಾಕ್ಟರ್ ಓಡಿಸುವವನು, ಅಕ್ಕನ ಮಾನವೆಂದರೆ ತನ್ನ ಮಾನ ಎಂದುಕೊಂಡವನು. ಕಾರನ್ನು ನೋಡಿದ್ದೇ ಅವನ ಮುಖ ಸಣ್ಣದಾಯಿತು.

"ಇವು ಗಾಲಿ ಏನಲೇ ಅಳಿಯಾ? ಕೈಯಾಗಿನ ಬಳಿ ಇದ್ದಂಗ ಅದಾವ. ಅಕ್ಕ ಹೋಗಾಕತ್ತಿದ್ದು ಅಂಥಾ ಊರಿಗೆ. ನೋಡಿದೋರು ಏನಂದಾರು?"

ಮಾವನದೂ ತಪ್ಪಲ್ಲ. ನಮ್ಮ ಕಡೆ ಭತ್ತದ ಗದ್ದೆಗೆ ನೀರು ಬಿಟ್ಟು, ಕೆಸರೆಬ್ಬಿಸಿ ರೊಜ್ಜು ಹೊಡೆಯುವಾಗ ಟ್ರ್ಯಾಕ್ಟರಿನ ಹಿಂದಿನ ಟೈರಿನೊಳಗೆ ನೀರು ತುಂಬಿಸುತ್ತಾರೆ. ಹಗುರವಾದ ಗಾಲಿ ಕೆಸರಲ್ಲಿ ಸುಮ್ಮನೆ ತಿರುಗುತ್ತದೆ, ಭಾರದ ಗಾಲಿ ನೆಲ ಕಚ್ಚಿ ಎಳೆಯುತ್ತದೆ. ಅಲ್ಲಿ ಗಾಲಿಯ ಭಾರವೇ ಗಾಡಿಯ ಬಲ. ಜನ್ಮವಿಡೀ ಕೆಸರಲ್ಲಿ ಕಲಿತ ಈ ವಿದ್ಯೆಯನ್ನು ಮಾವ ಡಾಂಬರು ರಸ್ತೆಗೂ ತಂದ. ವೆಲ್ಡಿಂಗ್ ಅಂಗಡಿಯಲ್ಲಿ ದಪ್ಪ ಕಬ್ಬಿಣದ ರಿಮ್ ಮಾಡಿಸಿ, ಜೀಪಿನ ಟೈರು ಹಾಕಿಸಿ, ನನ್ನ ಕಾರಿಗೆ ತೊಡಿಸಿಯೇಬಿಟ್ಟ. ಕಾರು ಈಗ ಅಪ್ಪನ ಬೂಟು ಮೆಟ್ಟಿದ ಕೂಸಿನಂತೆ ಕಾಣುತ್ತಿತ್ತು. ನಿಜ ಹೇಳಬೇಕೆಂದರೆ ನನಗೂ ಚಂದವೇ ಕಂಡಿತು. ಕಾಲೇಜಿನ ಮುಂದೆ ಒಂದೆರಡು ಸಲ ಸುಮ್ಮನೆ ಓಡಾಡಿಸಿದೆ.

ಒಂದು ಭಾನುವಾರ ಬೆಳಿಗ್ಗೆ ಮೂವರೂ ಹೊರಟೆವು. ಅವ್ವ ಹಿಂದೆ, ಮಡಿಲಲ್ಲಿ ಹೊಸ ಚಪ್ಪಲಿಯ ಡಬ್ಬಿ. ಮಾವ ನನ್ನ ಪಕ್ಕ, ಮೀಸೆ ತಿದ್ದಿಕೊಳ್ಳುತ್ತ. ಕಾರು ಮಾತ್ರ ಮಲಗಿದ್ದ ಎಮ್ಮೆಯನ್ನು ಎಬ್ಬಿಸಿದಂತೆ ಹೊರಟಿತು. ತಿರುವಿನಲ್ಲಿ ಟೈರು ಮಡ್‌ಗಾರ್ಡಿಗೆ ಉಜ್ಜಿ ಕಿರುಗುಟ್ಟಿತು. ರಸ್ತೆಯ ಪ್ರತಿ ತಗ್ಗಿನ ಸುದ್ದಿಯೂ ನೇರ ಸೊಂಟಕ್ಕೆ ಮುಟ್ಟುತ್ತಿತ್ತು. ಬ್ರೇಕ್ ಒತ್ತಿದರೆ ನಿಲ್ಲಲು ಪುರುಸೊತ್ತು ಕೇಳುತ್ತಿತ್ತು. ಇದೆಲ್ಲದರ ಮೇಲೆ ಹಿಂದಿನಿಂದ ಗುಳುಗುಳು ಎಂಬ ಸದ್ದು.

"ಕಾರಿಗೆ ಹೊಟ್ಟಿ ಕೆಟ್ಟದೇನಲೇ?" ಎಂದಳು ಅವ್ವ.

ಮಾವ ಕಿಟಕಿಯಾಚೆ ಬಹಳ ಆಸಕ್ತಿಯಿಂದ ಹೊಲ ನೋಡತೊಡಗಿದ.

ಮಸ್ಕಿ ದಾಟಿ ಸ್ವಲ್ಪ ದೂರದಲ್ಲಿ ಒಂದು ಏರು. ದೊಡ್ಡ ಏರೇನಲ್ಲ, ಸೈಕಲ್ಲಿನವರು ಮಾತಾಡಿಕೊಂಡು ಹತ್ತುತ್ತಾರೆ. ನನ್ನ ಕಾರು ಅದರ ಅರ್ಧದಲ್ಲಿ ಒಂದು ನಿಟ್ಟುಸಿರು ಬಿಟ್ಟು ನಿಂತಿತು. ಇಳಿದು ಹಿಂದಿನ ಟೈರನ್ನು ಒದ್ದು ನೋಡಿ, ಅನುಮಾನದಿಂದ ವಾಲ್ವ್ ಒತ್ತಿದೆ. ಗಾಳಿ ಬರುವಲ್ಲಿ ನೀರು ಬಂತು. ನನ್ನ ಇಸ್ತ್ರಿ ಅಂಗಿಯ ಮೇಲೆಯೇ ಚಿಮ್ಮಿತು.

"ಅರ್ಧಾನ ತುಂಬಿಸೀನಿ ಅಳಿಯಾ. ನೀರ್ ಹಾಕಿದ್ರ ಗಾಡಿ ನೆಲ ಬಿಡಂಗಿಲ್ಲ," ಎಂದ ಮಾವ.

"ನೆಲ ಬಿಡಬೇಕಲ್ಲ ಮಾವ, ಮುಂದ ಹೋಗಾಕ!"

ನೂಕದೆ ಬೇರೆ ದಾರಿ ಇರಲಿಲ್ಲ. ಅವ್ವ ಇಳಿದಳು. ಎಲ್ಲೂ ಇಳಿಯುವುದಿಲ್ಲ ಎಂದಿದ್ದ ಅವ್ವ, ಸೀರೆಯ ಸೆರಗು ಸಿಕ್ಕಿಸಿ ಕಾರಿಗೆ ಕೈ ಹಚ್ಚಿದಳು. "ನೂಕಾಕ ಕಾರ್ ಯಾಕ ಬೇಕಿತ್ತು? ಕೈಗಾಡಿ ಸಾಕಿತ್ತು," ಎಂದಳು. ನನಗೆ ಅಳು ಬರುವುದೊಂದು ಬಾಕಿ. ಕಾರನ್ನು ತಿರುಗಿಸಿ, ಇಳಿಜಾರಿನ ಕೃಪೆಯಿಂದ ವಾಪಸಾದೆವು.

ಈಗ ಸ್ವಲ್ಪ ಪಾಠ, ಸಹಿಸಿಕೊಳ್ಳಿ. ಕಾರಿನೊಳಗೆ ಕೂತ ಭಾರವನ್ನು ಇಂಜಿನ್ ಹೊತ್ತು ಸಾಗಿದರೆ ಸಾಕು. ಗಾಲಿಯ ಭಾರವನ್ನು ಹೊರಲೂ ಬೇಕು, ತಿರುಗಿಸಲೂ ಬೇಕು. ನಿಂತ ಬೀಸುಕಲ್ಲನ್ನು ತಿರುಗಿಸಲು ಹೊರಟವರಿಗೆ, ತಿರುಗುವ ಕಲ್ಲನ್ನು ನಿಲ್ಲಿಸಲು ಹೋದವರಿಗೆ ಇದು ಗೊತ್ತು. ಇಂಜಿನ್ ಸಣ್ಣದಾದಷ್ಟೂ ಈ ಕಷ್ಟ ಹೆಚ್ಚು. ಸಾಲದ್ದಕ್ಕೆ ನನ್ನ ಕಾರನ್ನು ಎಳೆಯುವುದು ಮುಂದಿನ ಗಾಲಿ. ಮಾವ ನೀರು ಕುಡಿಸಿದ್ದು ಹಿಂದಿನವಕ್ಕೆ. ತರಗತಿಯಲ್ಲಿ ನಾನು ಕಪ್ಪು ಎರೆಹೊಲದ ಉದಾಹರಣೆ ಕೊಡುತ್ತಿದ್ದೆ. ಮಳೆ ಬಿದ್ದ ಎರೆಯಲ್ಲಿ ನಡೆದರೆ ಚಪ್ಪಲಿಗೆ ಮಣ್ಣು ಮೆತ್ತಿಕೊಳ್ಳುತ್ತದೆ. ತಲೆಯ ಮೇಲಿನ ಹೊರೆಗಿಂತ ಆ ಮಣ್ಣೇ ಹೆಚ್ಚು ದಣಿಸುತ್ತದೆ. ಆದ್ದರಿಂದ ಮಕ್ಕಳೇ, ಕಾಲಿನ ಭಾರವೇ ಭಾರ! ಮಕ್ಕಳು ಬರೆದುಕೊಳ್ಳುತ್ತಿದ್ದರು.

ಮಾವ ತಾನೇ ಕೂತು ಹಳೆಯ ಬಳೆಗಾಲಿಗಳನ್ನು ಮತ್ತೆ ಜೋಡಿಸಿದ. ಮುಂದಿನ ಭಾನುವಾರ ಮತ್ತೆ ಹೊರಟೆವು. ಕಾರು ಕಿವಿ ನಿಮಿರಿಸಿದ ಕರುವಿನಂತೆ ಓಡಿತು. ಮಸ್ಕಿಯ ಗುಡ್ಡ ಕಂಡಾಗ ನನ್ನೊಳಗಿನ ಮೇಷ್ಟ್ರು ಸುಮ್ಮನಿರಲಿಲ್ಲ. ಬುದ್ಧನನ್ನು ನಂಬಿದ ಹಿಂದಿನ ಚಕ್ರವರ್ತಿಯೊಬ್ಬ ಅಲ್ಲಿನ ಬಂಡೆಯ ಮೇಲೆ ಬರೆಸಿದ್ದಾನೆ, ದೊಡ್ಡವರು ಮಾತ್ರವಲ್ಲ, ಸಣ್ಣವರೂ ಮೇಲಕ್ಕೆ ಏರಬಲ್ಲರು ಎಂಬುದು ಅದರ ತಾತ್ಪರ್ಯ ಎಂದು ಅವ್ವನಿಗೆ ವಿವರಿಸಿದೆ.

"ಅಷ್ಟು ಹೇಳಾಕ ಕಲ್ಲು ಕೊರಸಬೇಕಾತೇನು?" ಎಂದಳು.

"ದೊಡ್ಡೋರು ನಂಬಬೇಕಲ್ಲವ್ವ."

ಅವಳು ನಕ್ಕಳು. ಅಷ್ಟರಲ್ಲಿ ಹೋದ ವಾರ ನಮ್ಮನ್ನು ಇಳಿಸಿದ್ದ ಏರು ಹಿಂದೆ ಸರಿದೇಹೋಗಿತ್ತು. ಮಾವ ಕಾರಿನ ಬಾಗಿಲನ್ನು ಎತ್ತಿನ ಬೆನ್ನು ತಟ್ಟಿದಂತೆ ತಟ್ಟಿದ.

ಲಿಂಗಸುಗೂರು ದಾಟಿ ಊರು ಮುಟ್ಟಿದೆವು. ದೊಡ್ಡ ಓಣಿ ಕಲ್ಲು ಹಾಸಿನದು, ಚಾವಡಿಯವರೆಗೆ ಏರುತ್ತ ಹೋಗುತ್ತದೆ. ಗೇರ್ ಇಳಿಸಿದೆ. ಇಲ್ಲಿ ನಿಂತರೆ, ಇಲ್ಲಿ ನೂಕಬೇಕಾದರೆ ಎಂಬ ಚಿಂತೆ. ಕಾರು ನಿಲ್ಲಲಿಲ್ಲ. ಅವ್ವ ಬೆನ್ನು ನೆಟ್ಟಗೆ ಮಾಡಿ, ಎರಡೂ ಕಡೆ ನೋಡುತ್ತ, ಕುಳಿತೇ ಏರಿದಳು. ಅಷ್ಟು ಹೆಮ್ಮೆ ನಾನು ನನ್ನ ಪದವಿಯ ದಿನವೂ ಪಟ್ಟಿರಲಿಲ್ಲ. ಚಾವಡಿ ಹತ್ತಿರ ಬಂದಾಗ ಅವಳು ನನ್ನ ಹೆಗಲು ಮುಟ್ಟಿದಳು.

"ನಿಲ್ಸು. ಕುಂತು ಬಂದಿದ್ದು ನೋಡ್ಯಾರ. ಇನ್ನ ನಡದಿದ್ದೂ ನೋಡ್ಲಿ."

ಡಬ್ಬಿಯಿಂದ ಹೊಸ ಚಪ್ಪಲಿ ತೆಗೆದು ಮೆಟ್ಟಿಕೊಂಡು ಇಳಿದಳು. ಚಪ್ಪಲಿ ಕಲ್ಲಿನ ಮೇಲೆ ಟಪ್ ಟಪ್ ಎಂದಿತು. ಕಟ್ಟೆಯ ಮೇಲೆ ಕೂತಿದ್ದ ಮುದುಕಿಯೊಬ್ಬಳು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು.

"ಯಾರವ್ವ ನೀ?"

"ನಾ ಕೆಳಗಿನ ಕೇರಿ ಹುಲಿಗೆವ್ವ."

ಮುದುಕಿ ಕಾರಿನ ಕಡೆ ನೋಡಲೇ ಇಲ್ಲ. ಅವ್ವನ ಕಾಲನ್ನೇ ಸ್ವಲ್ಪ ಹೊತ್ತು ನೋಡಿದಳು.

"ಚಪ್ಲಿ ಚಂದ ಅದಾವ ಬಿಡು. ಭಾರ ಇಲ್ಲೇನು?"

"ಕೈಯಾಗ ಹಿಡಕೊಂಡಾಗ ಭಾಳ ಭಾರ ಇದ್ದವು ಬೇ," ಎಂದಳು ಅವ್ವ. "ಕಾಲಾಗ ಹಗೂರ ಅದಾವ."

ಕಾಲಿನ ಭಾರವೇ ಭಾರ ಎಂದು ಬರೆದುಕೊಂಡ ನನ್ನ ಶಿಷ್ಯರು ಈಗ ಎಲ್ಲೆಲ್ಲಿದ್ದಾರೋ. ಸಿಕ್ಕರೆ ಅದರ ಕೆಳಗೆ ಅವ್ವನ ಈ ಮಾತನ್ನೂ ಬರೆದುಕೊಳ್ಳಲು ಹೇಳಬೇಕು. ಆ ಹೊತ್ತಿಗೆ ಮಾತ್ರ ನಾನು ಮೊದಲನೇ ಗೇರಿನಲ್ಲಿ, ಹಾರ್ನ್ ಒತ್ತದೆ, ಅವ್ವನ ಹಿಂದೆ ಹಿಂದೆ ಕಾರು ನಡೆಸಿಕೊಂಡು ಹೋದೆ.