ಉಗುರಿನ ಕಾಡಿಗೆ

ನೀರಜ್ಜಿಯ ಬಲಗೈ ಹೆಬ್ಬೆರಳು ಸದಾ ಕಪ್ಪು. ಸೀಗೆಪುಡಿ ಹಾಕಿ ಉಜ್ಜಿದರೂ ಉಗುರಿನ ಸಂದಿಯ ಕಾಡಿಗೆ ಹೋಗುತ್ತಿರಲಿಲ್ಲ. ಹರಳೆಣ್ಣೆ ದೀಪದ ಮಸಿಯನ್ನು ಆ ಬೆರಳಲ್ಲೇ ತಿಕ್ಕಿ ಕಾಡಿಗೆ ಮಾಡಿ, ಆ ಬೆರಳಲ್ಲೇ ಎಳೆಗೂಸುಗಳ ಅಂಗಾಲಿಗೆ ದೃಷ್ಟಿಬೊಟ್ಟು ಒತ್ತುತ್ತಿದ್ದರು. “ಕೆನ್ನೆ ಬೊಟ್ಟು ಊರಿಗೆಲ್ಲ ಕಾಣುತ್ತೆ, ಕಣ್ಣು ಹಾಕೋರು ಹುಷಾರಾಗ್ಬಿಡ್ತಾರೆ. ಅಂಗಾಲಿಂದು ಗುಟ್ಟು ಕಣೇ” ಎನ್ನುವುದು ಅವರ ವಾದ.

ಬಾಣಂತಿ ಮನೆಗಳಿಗೆ ಹೋಗಿ ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುವುದು ಅವರ ಕಸುಬು. ಹಲಸೂರಿನ ನಮ್ಮ ಮನೆಯ ಹಿಂದಿನ ಒಂಟಿ ಕೋಣೆಯಲ್ಲಿ ಬಾಡಿಗೆಗಿದ್ದರು. ಹಿಂದೆ ಮುಂದೆ ಯಾರೂ ಇರಲಿಲ್ಲ. ನಮ್ಮ ಬೀದಿಗೆ ಅವರು ನೀರಜ್ಜಿ, ಶಿವಾಜಿನಗರದ ಉರ್ದು ಮಾತಿನ ಮನೆಗಳಿಗೆ ನಾನಿಮಾ. ನನ್ನ ಇಬ್ಬರು ಮಕ್ಕಳೂ ಅವರ ಕಾಲ ಮೇಲೆ ಮಲಗಿ ಅತ್ತವರೇ. ಬಚ್ಚಲಲ್ಲಿ ಮಣೆ ಹಾಕಿ ಕೂತು, ಎರಡೂ ಕಾಲು ನೀಡಿ, ಅದರ ಮೇಲೆ ಮಗುವನ್ನು ಮಲಗಿಸಿಕೊಂಡರೆಂದರೆ ಬೈಗುಳ ಶುರು. “ಕೋತಿ ಮೂತಿ, ಯಾರ್ ತಂದ್ರೋ ನಿನ್ನ? ಇದೇನು ಮೂಗೋ ಬದನೇಕಾಯೋ?” ಹೊಗಳಿದರೆ ದೃಷ್ಟಿಯಾಗುತ್ತದೆ, ಬೈದರೆ ಮಗು ಬಾಳುತ್ತದೆ ಎಂದು ನಂಬಿದವರು. ಕೊನೆಯ ಚೊಂಬನ್ನು ಮಗುವಿಗೆ ನಿವಾಳಿಸಿ, “ಕಂಡೋರ ಕಣ್ಣು, ಉಂಡೋರ ಕಣ್ಣು, ಹೆತ್ತೋಳ ಕಣ್ಣು, ನೀರು ಹಾಕ್ದೋಳ ಕಣ್ಣು, ಎಲ್ಲಾ ಹರಿದು ಹೋಗ್ಲಿ” ಎಂದು ಸುರಿಯುತ್ತಿದ್ದರು. ತಮ್ಮ ಕಣ್ಣನ್ನೂ ಬಿಡುತ್ತಿರಲಿಲ್ಲ.

ಅವರ ಎಡ ಹಿಮ್ಮಡಿಯಲ್ಲೂ ಒಂದು ಕಪ್ಪು ಮಚ್ಚೆ ಇತ್ತು. “ನಮ್ಮವ್ವ ಇಟ್ಟ ಬೊಟ್ಟು, ಮುದುಕಿ ಆದ್ರೂ ಅಳಿಸಿಲ್ಲ ನೋಡು” ಎಂದು ನಗಿಸುತ್ತಿದ್ದರು. ಅದು ಅವ್ವ ಇಟ್ಟದ್ದಲ್ಲ, ಈಚೆಗೆ ಬಂದದ್ದು ಎಂದು ತಿಳಿದದ್ದು ಅದು ಹರಡಿ, ಒಡೆದು, ಚಪ್ಪಲಿಗೆ ರಕ್ತ ಮೆತ್ತಿಕೊಂಡ ಮೇಲೆ. ಚರ್ಮದ ಕ್ಯಾನ್ಸರ್, ಅದರಲ್ಲೂ ಕೆಟ್ಟ ಜಾತಿಯದು, ಮೆಲನೋಮಾ ಅಂದರು ಆಸ್ಪತ್ರೆಯಲ್ಲಿ. ಹಿಮ್ಮಡಿಯನ್ನು ಕೆತ್ತಿ ತೆಗೆದು, ತೊಡೆಯ ಚರ್ಮ ತಂದು ತೇಪೆ ಹಾಕಿದರು. ಮನೆಗೆ ಕಳಿಸುವಾಗ ಡಾಕ್ಟರಮ್ಮ ನನ್ನನ್ನು ಕರೆದು, “ಒಂದ್ಸಲ ಬಂದೋರಿಗೆ ಮತ್ತೆ ಬರ್ಬಹುದು. ಅದೇ ಜಾಗ ಅಂತೇನಿಲ್ಲ, ಬೇರೆ ಕಡೆ ಹೊಸದಾಗೇ ಹುಟ್ಟಬಹುದು. ತಿಂಗಳಿಗೊಂದ್ಸಲ ಮೈಯೆಲ್ಲಾ ನೋಡಿ. ಬೆನ್ನು, ತಲೆ, ಅಂಗೈ, ಉಗುರು, ಯಾವ್ದೂ ಬಿಡ್ಬೇಡಿ” ಎಂದರು.

ಅಜ್ಜಿ ಮಂಚದ ಮೇಲಿಂದಲೇ ಗೊಣಗಿದರು: “ಊರ ಮಕ್ಕಳ ಕುಂಡಿ ನಾನು ನೋಡಿದ್ದಾಯ್ತು. ಈಗ ನಂದು ಇವಳು ನೋಡ್ಬೇಕಂತೆ.”

ಕಸುಬಿಗೆ ಕುತ್ತು ಬಂದದ್ದು ಕೂರುವ ಭಂಗಿಯಿಂದ. ಕಾಲು ನೀಡಿ ಕೂತರೆ ಅಂಗಾಲು ಬಚ್ಚಲ ಬಾಗಿಲಿಗೆ ಎದುರು. ಬಾಗಿಲಲ್ಲಿ ನಿಲ್ಲುವವರು ಮನೆಯವರು. ಕುಕ್ ಟೌನಿನ ಒಂದು ಮನೆಯಲ್ಲಿ ಮಗುವಿನ ಅಜ್ಜಿ, “ಹಿಮ್ಮಡಿಗೆ ಏನಾಯ್ತು?” ಎಂದು ಕೇಳಿದರಂತೆ. ಇವರು ಮುಳ್ಳು ಚುಚ್ಚಿತ್ತು ಎನ್ನುವಷ್ಟು ಸಲೀಸಾಗಿ, “ಕ್ಯಾನ್ಸರ್ ಆಗಿತ್ತು, ಕೊಯ್ದು ಬಿಸಾಕಿದ್ರು” ಎಂದರು. ಆಕೆ ಸೋಪು ಇಳಿಯುತ್ತಿದ್ದ ಮಗುವನ್ನು ಹಾಗೇ ಎತ್ತಿಕೊಂಡರು. “ನೀವು ರೆಸ್ಟ್ ತಗೊಳ್ಳಿ ಅಜ್ಜಿ, ಬೇಕಾದ್ರೆ ನಾವೇ ಕರೀತೀವಿ.” ಅಂಟುವ ರೋಗವಲ್ಲ ಅದು. ಅಂಟಿದ್ದು ಸುದ್ದಿ.

ಆದರೂ ಅಜ್ಜಿ ದಿನಾ ಬೆಳಿಗ್ಗೆ ಚೀಲ ಹೆಗಲಿಗೆ ಹಾಕಿಕೊಂಡು, ಕುಂಟುತ್ತ ಹೊರಡುವುದು ತಪ್ಪಲಿಲ್ಲ. “ಹೊರಮಾವಲ್ಲಿ ಅವಳಿ ಜವಳಿ ಕಣೇ. ಎರಡೂ ಕಪ್ಪೆಮರಿ ಇದ್ದಂಗಿವೆ.” ಆಸ್ಪತ್ರೆಗೆ ತೋರಿಸಿಕೊಂಡು ಬರೋಣ ಬನ್ನಿ ಎಂದರೆ, “ಕಪ್ಪೆಗಳು ಕಾಯ್ತಿರ್ತವೆ” ಎಂದು ಜಾರಿಕೊಳ್ಳುತ್ತಿದ್ದರು. ಎಲ್ಲರೂ ಕೈಬಿಟ್ಟಿಲ್ಲವಲ್ಲ ಎಂದು ನನಗೂ ಸಮಾಧಾನ.

ತಿಂಗಳಿಗೊಮ್ಮೆ ಹಿತ್ತಲ ಬಿಸಿಲಲ್ಲಿ ಕೂರಿಸಿ ಅವರ ಮೈ ನೋಡುತ್ತಿದ್ದೆ. ಕೂದಲು ಬಿಡಿಸಿದರೆ, “ಹೇನು ಸಿಕ್ರೆ ನೀನೇ ಇಟ್ಕೋ” ಎನ್ನುವರು. ಹೆಬ್ಬೆರಳ ಉಗುರಲ್ಲಿ ಒಂದು ಕಪ್ಪು ಗೆರೆ.

“ಇದೇನಜ್ಜಿ?”

“ಕಾಡಿಗೆ. ಕಸುಬಿನ ಗುರುತು. ಅದನ್ನೂ ಕೊಯ್ಸಿಬಿಡ್ತೀಯಾ?”

ಆ ಬೆರಳು ಬೆಳ್ಳಗಿದ್ದದ್ದನ್ನು ನಾನು ಕಂಡೇ ಇರಲಿಲ್ಲ. ಮುಂದಿನ ಬೆರಳಿಗೆ ಹೋಗುತ್ತಿದ್ದೆ.

ಹೀಗಿರುವಾಗ ನನ್ನ ತಂಗಿಯ ಮಗಳು ಕೂಸನ್ನು ಎತ್ತಿಕೊಂಡು ಬಂದಿದ್ದಳು. ಹೊರಡುವಾಗ ಬೊಟ್ಟಿಡಲು ಮನೆಯಲ್ಲಿ ಕಾಡಿಗೆ ಇರಲಿಲ್ಲ. ಹಿಂದಿನ ಕೋಣೆಗೆ ಓಡಿದೆ. ಅಜ್ಜಿ ಬಚ್ಚಲಲ್ಲಿದ್ದರು, ಚೀಲ ಗೂಟದಲ್ಲಿತ್ತು. ಕಾಡಿಗೆ ಡಬ್ಬಿ ತೆಗೆದು ಮುಚ್ಚಳ ತಿರುಪಿದರೆ ಬರಲೊಲ್ಲದು. ಒತ್ತಿ ತೆಗೆದೆ. ಒಳಗೆ ಎಣ್ಣೆ ಆರಿ, ಕಾಡಿಗೆ ಒಣಕೆಸರಿನಂತೆ ತಳಕ್ಕೆ ಹತ್ತಿ ಬಿರಿದಿತ್ತು. ಬೆರಳು ತಾಗಿ ಎಷ್ಟೋ ತಿಂಗಳಾಗಿರಬೇಕು.

ಅಜ್ಜಿ ಬಾಗಿಲಲ್ಲಿ ಬಂದು ನಿಂತಿದ್ದರು.

“ಮುಚ್ಚೇ ಡಬ್ಬಿ.”

“ಹೊರಮಾವಿನ ಅವಳಿ ಜವಳಿ?”

“ಕೆರೆ ಹತ್ರ ಬೆಂಚಿದೆ. ಕೂತು ಎದ್ದು ಬರ್ತೀನಿ. ಏನೀಗ? ಯಾರೂ ಕರೀತಿಲ್ಲ ಅಂತ ಬೀದೀಲಿ ಡಂಗುರ ಸಾರಲಾ?”

ಅವರ ಕೈ ಹಿಡಿದೆ. ತಿಂಗಳುಗಟ್ಟಲೆ ಕಾಡಿಗೆ ಮುಟ್ಟದ ಹೆಬ್ಬೆರಳಲ್ಲಿ ಕಪ್ಪು ಮಾತ್ರ ಹಾಗೇ ಇತ್ತು. ಗೆರೆ ಅಗಲವಾಗಿತ್ತು, ಉಗುರಿನ ಬುಡ ದಾಟಿ ಚರ್ಮಕ್ಕೆ ಏರಿತ್ತು.

“ಹಾಗಾದ್ರೆ ಇದೇನಜ್ಜಿ?”

ಕೈ ಕಿತ್ತುಕೊಂಡು ಸೆರಗಲ್ಲಿ ಮುಚ್ಚಿಕೊಂಡರು. “ಕಾಡಿಗೆ.” ಆಮೇಲೆ ಬೇರೆಯೇ ದನಿಯಲ್ಲಿ, “ಕಾಡಿಗೆ ಅಂತ್ಲೇ ಇರ್ಲಿ ಬಿಡೇ” ಎಂದರು.

ನಾನು ಬಿಡಲಿಲ್ಲ. ಆಸ್ಪತ್ರೆಯಲ್ಲಿ ಉಗುರಡಿಯ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಡಾಕ್ಟರಮ್ಮ, “ಹಳೇದು ಹರಡಿರೋದಲ್ಲ ಅಜ್ಜಿ, ಇದು ಬೇರೆ, ಹೊಸದು. ಬರೋದು ತಡವಾಯ್ತು” ಎಂದರು. “ಚೊಚ್ಚಲು ಕಾಲಲ್ಲಿ, ಎರಡನೇದು ಕೈಯಲ್ಲಿ. ಬಾಣಂತನ ಯಾರು ಮಾಡ್ತೀರಮ್ಮ?” ಎಂದು ಅಜ್ಜಿ ಕೇಳಿದರು.

ಹೆಬ್ಬೆರಳನ್ನು ಬುಡಕ್ಕೆ ತೆಗೆದರು. ಅರಿವಳಿಕೆಯ ಮತ್ತು ಇಳಿದ ಸಂಜೆ ಅಜ್ಜಿ ನನ್ನನ್ನು ಹತ್ತಿರ ಕರೆದರು. ಕೈ ಸವರುತ್ತಾರೇನೋ ಎಂದು ಬಗ್ಗಿದೆ.

“ನೀನು ನೋಡೋವರ್ಗೂ ಅದು ಕಾಡಿಗೇನೇ ಆಗಿತ್ತು. ನಿನ್ನ ಕಣ್ಣು ಬಿದ್ದ ಮೇಲೆ ಕ್ಯಾನ್ಸರ್ ಆಯ್ತು.”

ತಮಾಷೆ ಇರಬೇಕೆಂದು ಮುಖ ನೋಡಿದೆ. ಅಲ್ಲ. ಅಲ್ಲಿಂದ ಮುಂದೆ ನಾನು ಗಂಜಿ ತಂದರೆ ಗೋಡೆಯ ಕಡೆ ಹೊರಳುವರು, ಲೋಟ ಇಟ್ಟು ಬಂದ ಮೇಲೆ ಕುಡಿಯುವರು. ರೋಗ ಶ್ವಾಸಕೋಶಕ್ಕೆ ಇಳಿದು, ಉಸಿರಿಗೆ ಒದ್ದಾಡುವಾಗ ಬೆನ್ನು ನೀವಿದರೆ ಬೇಡ ಅನ್ನುತ್ತಿರಲಿಲ್ಲ. ತಿರುಗಿ ನೋಡುತ್ತಲೂ ಇರಲಿಲ್ಲ. ಆ ಮಾತನ್ನು ಕೊನೆವರೆಗೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಅವರು ಹೋದ ದಿನ ಬೀದಿಯ ಹೆಂಗಸರು ಬಂದರು, ಗೇಟಿನ ಆಚೆಯೇ ಸೆರಗು ಮೂಗಿಗೆ ಹಿಡಿದು ನಿಂತರು. ಅವರಲ್ಲಿ ಅರ್ಧಕ್ಕರ್ಧ ಜನರ ಮಕ್ಕಳು ಆ ಕಾಲ ಮೇಲೆ ಮಿಂದವರು. “ಮೈಗೆ ನೀರು ಯಾರು ಹಾಕ್ತಾರೆ?” ಎಂದು ಒಬ್ಬರು ಕೇಳಿದರು.

ನಾನೇ ಹಾಕಿದೆ. ತೇಪೆಯ ಹಿಮ್ಮಡಿಯನ್ನು ತೊಳೆದೆ, ಬೆರಳಿಲ್ಲದ ಕೈಯನ್ನು ತೊಳೆದೆ. ಅವರದೇ ಸಂಪ್ರದಾಯದಂತೆ ಬೈಯಬೇಕಿತ್ತು, ಕೋತಿ ಮೂತಿ ಎಂದು ಬಾಯಿ ತನಕ ಬಂತು, ಹೊರಡಲಿಲ್ಲ. ಕೊನೆಯ ಚೊಂಬನ್ನು ನಿವಾಳಿಸಿದೆ. ಕಂಡೋರ ಕಣ್ಣು, ಉಂಡೋರ ಕಣ್ಣು. ಹೆತ್ತವಳು ಹೋಗಿ ಯಾವ ಕಾಲವಾಯಿತೋ, ಅವಳನ್ನು ಬಿಟ್ಟೆ.

“ನೀರು ಹಾಕ್ದೋಳ ಕಣ್ಣು” ಎಂದು ಸುರಿದೆ.