ಚೂಪು ಮೇಲೆ

ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿರುವ ಹುಡುಗಿಯ ಕೆಲಸ ಬಸವನಹುಳ ವಿಂಗಡಿಸುವುದು. ಸಮುದ್ರದ ನಡುವಿನ ದ್ವೀಪಗಳಿಂದ ಖಾಲಿ ಚಿಪ್ಪು ತರುತ್ತಾಳೆ, ಇದು ಈ ಜಾತಿ, ಅದು ಆ ಜಾತಿ ಅಂತ ಡಬ್ಬಿ ಡಬ್ಬಿ ಮಾಡುತ್ತಾಳೆ. ಮೊದಲು ಕೇಳಿದಾಗ ನಕ್ಕಿದ್ದೆ. ಜಕ್ಕೂರು ಕೆರೆ ಪಕ್ಕ ನಮ್ಮ ಸೊಪ್ಪಿನ ಮಡಿ ಇದ್ದಾಗ ಆ ಹುಳಕ್ಕೆ ಉಪ್ಪು ಸುರಿದು ಸಾಯಿಸಿದವಳು ನಾನು. ಜಾತಿ ಕೇಳಿರಲಿಲ್ಲ.

ನನ್ನ ಓದು ಎರಡನೇ ಕ್ಲಾಸಿಗೆ ನಿಂತಿತು. ಬಸ್ಸಿನ ಬೋರ್ಡು ಓದುತ್ತೇನೆ, ಅಷ್ಟೇ. ಆದರೆ ಅಕ್ಕಿಯಲ್ಲಿ ಕಲ್ಲು ಆರಿಸುವುದಕ್ಕೆ ನನ್ನ ಬೆರಳಿಗೆ ಸಮ ಇಲ್ಲ. ಅದನ್ನು ನೋಡಿಯೇ ಅವಳು ನನಗೆ ಚಿಪ್ಪು ತೊಳೆಯಲು ಕೊಟ್ಟಳು.

ಈ ವರ್ಷ ಒಂದು ಡಬ್ಬಿ ಅವಳ ತಲೆ ತಿಂದಿತು. ಎಲ್ಲಕ್ಕಿಂತ ಸಣ್ಣ ದ್ವೀಪದ ಹುಳ ಬೇರೆ ಜಾತಿಯೋ, ಪಕ್ಕದ ದ್ವೀಪದ್ದೇ ಜಾತಿಯೋ? ಬೇರೆ ಅಂತ ತೋರಿಸಿದರೆ ಅವಳ ಮೇಷ್ಟ್ರು ಮತ್ತೆ ಅಲ್ಲಿಗೆ ಕಳಿಸುತ್ತಾರೆ. ಇಲ್ಲದಿದ್ದರೆ ಆ ದ್ವೀಪದ ಕೆಲಸ ಅಲ್ಲಿಗೇ ಮುಗಿಯಿತು.

ಅಷ್ಟರಲ್ಲಿ ಅವಳ ಅಮ್ಮನಿಗೆ ಹುಷಾರಿಲ್ಲ ಅಂತ ಊರಿಗೆ ಹೋದಳು. ಅಲ್ಲಿಂದ ಫೋನು.

"ಅಜ್ಜಿ, ಆ ಡಬ್ಬಿ ತೊಳೆದ ಮೇಲೆ ಒಂದೊಂದೇ ಹಿಡಿದು ನೋಡಿ. ಬಾಯಿ ಬಲಕ್ಕಿದೆಯಾ ಎಡಕ್ಕಿದೆಯಾ ಅಂತ ಬೇರೆ ಮಾಡಿಡಿ. ಮಿಕ್ಕ ದ್ವೀಪದವೆಲ್ಲ ಬಲಕ್ಕೇ ಇವೆ."

"ಎಡಮುರಿ ಬಲಮುರಿ ನಂಗೇ ಹೇಳ್ಕೊಡ್ತೀಯಾ? ಇಡು ಫೋನು."

ಮಧ್ಯಾಹ್ನವೆಲ್ಲ ಕೂತು ವಿಂಗಡಿಸಿದೆ. ಸಂಜೆ ಹೇಳಿದೆ, "ಮೂರು ಬಿಟ್ಟು ಎಲ್ಲಾ ಎಡಕ್ಕೇ ಕಣಮ್ಮ."

"ಸರಿಯಾಗಿ ನೋಡಿದ್ರಾ ಅಜ್ಜಿ?"

"ಕಣ್ಣಾಪರೇಷನ್ ಆಗಿರೋದು ನಂಗೆ. ನಿನ್ನ ಕಣ್ಣಿಗಿಂತ ಹೊಸದು."

ಅವಳು ಆಗಲೇ ಅವಳ ಮೇಷ್ಟ್ರಿಗೆ ಹೇಳಿಬಿಟ್ಟಳು. ಸೋಮವಾರ ಅವಳು ಬಂದ ಕೂಡಲೇ ಅವರೂ ನಮ್ಮ ಮನೆಗೇ ಬಂದರು. ಒಂದು ಚಿಪ್ಪು ಎತ್ತಿದರು, ಇನ್ನೊಂದು ಎತ್ತಿದರು.

"ಇವೆಲ್ಲ ಬಲಕ್ಕೇ ಇವೆಯಲ್ಲಮ್ಮ" ಅಂದರು ಅವಳಿಗೆ. ಹುಡುಗಿಯ ಮುಖ ಇಳಿದುಹೋಯಿತು.

"ಎಲ್ಲಿ ಬಲ? ಸರಿಯಾಗಿ ಹಿಡ್ಕೊಳ್ಳಿ ಸಾರ್" ಅಂದೆ. ಬಾಯಿ ಮೇಲೆ, ಚೂಪು ಕೆಳಗೆ ಮಾಡಿ ತೋರಿಸಿದೆ. "ಇಂಗೆ."

"ಹಾಗ್ಯಾಕಮ್ಮ ಹಿಡೀತೀರಿ?"

"ದೇವ್ರ ಮನೆ ಶಂಖ ಇನ್ನೆಂಗ್ ಹಿಡೀತಾರೆ?"

ಅವರು ನಕ್ಕರು. ಅವರ ಲೆಕ್ಕದಲ್ಲಿ ಚೂಪು ಮೇಲಿರಬೇಕಂತೆ. ನಾವು ಬಲಮುರಿ ಅಂತ ಪೂಜೆಗಿಡುವ ಶಂಖ ಅವರಿಗೆ ಎಡಮುರಿಯಂತೆ.

"ಅಂಗಾದ್ರೆ ನಿಮ್ ಪುಸ್ತಕ ತಲೆಕೆಳಗಿದೆ" ಅಂದೆ.

ಕೇಳದೆ ಮಾಡಿದ್ದು ನನ್ನ ತಪ್ಪು, ಒಪ್ಪಿದೆ. ಆದರೆ ಹುಡುಗಿ ತಲೆ ತಗ್ಗಿಸಿ ಕೂತದ್ದು ನನಗೆ ಸೇರಲಿಲ್ಲ. "ಉಲ್ಟಾ ಆಗಿದೆ, ಬೆರಕೆ ಆಗಿಲ್ಲ. ಆ ಮೂರು ನೋಡು ಮೊದ್ಲು" ಅಂದೆ.

ಬೇರೆ ಮುಚ್ಚಳದಲ್ಲಿಟ್ಟಿದ್ದ ಮೂರೇ ಈಗ ನಿಜವಾದ ಎಡದವು. ಮೇಷ್ಟ್ರು ನೋಡಿದರು. "ಅಪರೂಪಕ್ಕೆ ಹೀಗೆ ತಿರುಗಿ ಹುಟ್ಟುತ್ತವೆ. ಅದೊಂದರಿಂದಲೇ ಬೇರೆ ಜಾತಿ ಅನ್ನೋಕಾಗಲ್ಲ."

"ಬಾಯಿ ವಿಚಾರ ಬಿಡಿ ಸಾರ್. ಉಗುರಲ್ಲಿ ಗೀರಿ ನೋಡಿ."

ಮಿಕ್ಕವು ಹೆಸರುಕಾಳಿನ ಹಾಗೆ ನುಣುಪು. ಈ ಮೂರು ತರಿತರಿ. ತೊಳೆಯುವಾಗಲೇ ಬೆರಳಿಗೆ ಸಿಕ್ಕಿತ್ತು, ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವರು ಗೀರಿದರು. ಮಸೂರ ತೆಗೆದು ಬಹಳ ಹೊತ್ತು ನೋಡಿ ಅವಳ ಕೈಗೆ ಕೊಟ್ಟರು.

"ಸಾಲು ಸಾಲು ಗೆರೆ ಇವೆ. ನೀನು ನೋಡಿರಲಿಲ್ವಾ?"

"ಮಣ್ಣು ಮೆತ್ತಿತ್ತು ಸಾರ್, ತೊಳೆದಿರಲಿಲ್ಲ."

ಖಾಲಿ ಚಿಪ್ಪು ನೋಡಿ ಹೆಸರಿಡುವುದು ಬೇಡ, ಜೀವ ಇರುವ ಹುಳ ನೋಡಬೇಕು, ಹೋಗಿ ಬಾ ಅಂದರು.

ಹೋದ ವಾರ ಹೊರಟಳು. ಉಳಿದ ಡಬ್ಬಿಗಳನ್ನು ನನಗೇ ಬಿಟ್ಟು ಹೋಗಿದ್ದಾಳೆ. ಮುಚ್ಚಳದ ಮೇಲೆ ನಾನೇ ದಪ್ಪ ಅಕ್ಷರದಲ್ಲಿ ಬರೆದುಕೊಂಡಿದ್ದೇನೆ, ಚೂಪು ಮೇಲೆ ಅಂತ. ಚ ಅಕ್ಷರದ ಕೊಂಬು ಉದ್ದವೋ ಗಿಡ್ಡವೋ ಗೊತ್ತಾಗಲಿಲ್ಲ, ಉದ್ದವೇ ಎಳೆದೆ. ದೇವರ ಮನೆ ಶಂಖವನ್ನು ಮಾತ್ರ ಮೊದಲಿನ ಹಾಗೇ ಹಿಡಿಯುತ್ತೇನೆ.